ಮೊಳೆ ಪೊಟ್ಟಣದ ಬೀಗ

ಅಕ್ಕನಿಗೆ ಸಿಟ್ಟು ಬಂದರೆ ಮೊದಲು ಕತ್ತರಿ ಕೆಳಗಿಡುತ್ತಾಳೆ. ಗಿರಾಕಿಯ ಕೂದಲು ಒಂದು ಬದಿ ಗಿಡ್ಡ, ಇನ್ನೊಂದು ಬದಿ ಉದ್ದ ಇದ್ದರೂ ಸರಿಯೇ. ಕೈ ನಡುಗುವಾಗ ಇನ್ನೊಬ್ಬರ ಕಿವಿಯ ಪಕ್ಕ ಹರಿತವಾದದ್ದು ಇರಬಾರದು ಎಂದು ನನಗೂ ಅವಳೇ ಕಲಿಸಿದ್ದು. ಪಾರ್ಲರಿನ ಉದ್ದ ಕನ್ನಡಿಯ ಮುಂದೆ ನಮ್ಮಿಬ್ಬರ ಕುರ್ಚಿಗಳು ಅಕ್ಕಪಕ್ಕ. ಅವಳು ನನ್ನ ಒಡಹುಟ್ಟಿದವಳಲ್ಲ. ಕೈಹಿಡಿದು ಕೆಲಸ ಕಲಿಸಿದವಳು, ಹಾಗಾಗಿ ಅಕ್ಕ.

ಅವಳಿಗೆ ಕಾಗದದ ಹುಚ್ಚು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾವೆಲ್ಲ ಫೋನ್ ನೋಡುತ್ತ ಕೂತರೆ ಅವಳು ಹಳೆಯ ಪತ್ರಿಕೆಗಳ ನುಣುಪು ಹಾಳೆಗಳನ್ನು ಚೌಕ ಮಾಡಿಕೊಂಡು ಮಡಚುತ್ತಿದ್ದಳು. ಹೂವು, ಪೆಟ್ಟಿಗೆ, ತೆರೆದರೆ ಎದ್ದು ನಿಲ್ಲುವ ಕಾರ್ಡು. ಯಾರದ್ದಾದರೂ ಹುಟ್ಟಿದ ದಿನ ಎಂದು ತಿಳಿದರೆ ಸಾಕು, ಸಂಜೆಯೊಳಗೆ ಅವರ ಕೈಗೊಂದು ಕಾರ್ಡು. ಅದರ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿರುತ್ತಿತ್ತು: ‘ಎಲೆ, ಪುಸ್ತಕ ನೋಡಿ ಕಲಿತದ್ದು. ಗಂಟು, ಔಷಧಿ ಅಂಗಡಿಯವರ ಮಗಳು ತೋರಿಸಿದ್ದು. ಬಣ್ಣ ಹೊಂದಿಸಿದವಳು ಪಕ್ಕದ ಕುರ್ಚಿಯವಳು.’ ಆ ಕೊನೆಯವಳು ನಾನು. ಹಳದಿಗೆ ಬೂದು ಚೆನ್ನಾಗಿ ಒಪ್ಪುತ್ತದೆ ಎಂದು ಆಕಳಿಸುತ್ತ ಅಂದದ್ದಷ್ಟೇ ನನ್ನ ಸಾಧನೆ.

ಕೂದಲು ಕತ್ತರಿಸಿ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಸಣ್ಣ ಕನ್ನಡಿ ಹಿಡಿದು “ಹಿಂದೆ ನೋಡಿ” ಅನ್ನುವುದು ನಮ್ಮ ಕಸುಬಿನ ವಾಡಿಕೆ. ಕಾರ್ಡು ಕೊಡುವಾಗಲೂ ಅವಳದು ಅದೇ ಮಾತು. ಬೀದಿಯವರೆಲ್ಲ ಸೇರಿ ಅವಳಿಗೆ ‘ಹಿಂದ್ನೋಡಿ’ ಎಂದು ಹೆಸರಿಟ್ಟಿದ್ದರು. ನಾನೂ ಒಮ್ಮೆ ರೇಗಿಸಿದೆ.

“ಒಂದು ಕಾಗದದ ಹೂವಿಗೆ ಇಷ್ಟುದ್ದ ವಂಶಾವಳಿ ಬೇಕಾ ಅಕ್ಕ?”

ಅವಳು ನಗಲಿಲ್ಲ. “ಬರೀದೇ ಬಿಟ್ರೆ ಸ್ವಲ್ಪ ದಿನ ಆದ್ಮೇಲೆ ಎಲ್ಲಾ ನನಗೇ ಹೊಳೆದದ್ದು ಅಂತ ನನಗೇ ಅನ್ನಿಸಿಬಿಡುತ್ತೆ ಕಣೇ.”

ನಮ್ಮ ಪಾರ್ಲರಿನ ಸಾಲಿನಲ್ಲೇ ಒಂದು ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಅಲ್ಲಿನ ಮುದುಕರನ್ನು ಎಲ್ಲರೂ ಮೊಳೆ ಅಜ್ಜ ಅನ್ನುತ್ತಾರೆ. ಕನ್ನಡಿ ತೂಗುಹಾಕಲು ಮೊಳೆ ತರಲು ಹೋದ ಅಕ್ಕ, ಮೊಳೆಗಿಂತ ಹೆಚ್ಚಾಗಿ ಅದನ್ನು ಕಟ್ಟಿಕೊಟ್ಟ ಪೊಟ್ಟಣವನ್ನು ನೋಡುತ್ತ ವಾಪಸು ಬಂದಳು. ಹಳೆಯ ದಿನಪತ್ರಿಕೆಯ ಹಾಳೆ. ದಾರವಿಲ್ಲ, ಅಂಟಿಲ್ಲ. ಒಂದು ಮೂಲೆಯನ್ನು ಎರಡು ಪದರ ಮಾಡಿ, ಎದುರಿನ ಮಡಿಕೆಯ ಹೊಟ್ಟೆಗೆ ತೂರಿಸಿ, ಹೆಬ್ಬೆರಳಿನಿಂದ ಅರ್ಧ ತಿರುವಿದರೆ ಬೀಗ ಹಾಕಿದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಎತ್ತಿ ಎಸೆದರೂ ಒಂದು ಮೊಳೆ ಚೆಲ್ಲದು. ಅವಳು ಮತ್ತೆ ಹೋಗಿ, ಅಜ್ಜನ ಮುಂದೆ ನಿಂತು ಅದನ್ನು ಕಲಿತಳು. “ಇದನ್ನೂ ಕಲೀತಾರಾ ತಾಯಿ?” ಎಂದು ಅಜ್ಜ ನಕ್ಕರಂತೆ.

ಆ ಬೀಗವನ್ನಿಟ್ಟುಕೊಂಡು ಅಕ್ಕ ತಿಂಗಳುಗಟ್ಟಲೆ ಒದ್ದಾಡಿದಳು. ಕೊನೆಗೆ ಒಂದು ಗೂಡು ಹುಟ್ಟಿತು. ಒಂದೇ ಹಾಳೆ, ಮಡಚಿಟ್ಟರೆ ಅಂಗೈಯಗಲದ ಚಪ್ಪಟೆ ಚೌಕ. ಎರಡು ಮೂಲೆ ಹಿಡಿದು ಎಳೆದರೆ ದುಂಡನೆಯ ಗೂಡು ಅರಳಿ, ಒಳಗಿಂದ ಒಂದು ಹಕ್ಕಿ ಕತ್ತು ಎತ್ತುತ್ತಿತ್ತು. ಅದನ್ನು ಮೊದಲ ಸಲ ಎಳೆದಾಗ ನಾನು ಕಿರುಚಿದ್ದೆ. ಮೊದಲ ಗೂಡು ಮೊಳೆ ಅಜ್ಜನಿಗೆ ಹೋಯಿತು. ಬೆನ್ನಿಗೆ ‘ಬೀಗ ಅಜ್ಜನದು, ಗೂಡು ನನ್ನದು’ ಎಂದಿತ್ತು. ಅಜ್ಜ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ತಂತಿಗೆ ಕಟ್ಟಿದರು.

ಅಕ್ಕನ ಮನೆಯ ಮಹಡಿಯಲ್ಲಿ ಅವಳ ಮೈದುನನ ಸಂಸಾರ. ಮೈದುನನ ಹೆಂಡತಿ, ಎಂದರೆ ಅಕ್ಕನ ವಾರಗಿತ್ತಿ, ಮಕ್ಕಳಿಗೂ ಹೆಂಗಸರಿಗೂ ಕಾಗದದ ಕೆಲಸದ ಕ್ಲಾಸ್ ನಡೆಸುತ್ತಾಳೆ. ಮಾತಿನ ಮಲ್ಲಿ. ಕೈಯೂ ಚುರುಕು, ಅದನ್ನು ಅಲ್ಲಗಳೆಯುವುದಿಲ್ಲ. ಗೂಡನ್ನು ನೋಡಿ “ಅಕ್ಕ, ನನಗೂ ಕಲಿಸಿ” ಎಂದು ಬೆನ್ನುಹತ್ತಿದಳು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು ಕಲಿಸಿದಳು. ಕೊನೆಯಲ್ಲಿ ಒಂದೇ ಮಾತು ಹೇಳಿದಳು: “ಯಾರಿಗೆ ಕಲಿಸಿದ್ರೂ ಬೀಗ ಯಾರದ್ದು, ಗೂಡು ಯಾರದ್ದು ಅಂತ ಹೇಳು.” “ಅಯ್ಯೋ, ಹೇಳದೆ ಇರ್ತೀನಾ ಅಕ್ಕ!” ಎಂದಳಂತೆ ಅವಳು.

ಹೇಳದೆ ಇದ್ದಳು.

ನಮಗೆ ಗೊತ್ತಾದದ್ದು ಒಬ್ಬ ಟೀಚರಮ್ಮನಿಂದ. ಅಕ್ಕನ ಕುರ್ಚಿಯಲ್ಲಿ ಕೂತು ಪೇಪರಿನ ವಾರದ ಪುರವಣಿ ತಿರುವುತ್ತಿದ್ದವರು ತಟ್ಟನೆ ಅಂದರು: “ಇದು ನಿಮ್ಮ ವಾರಗಿತ್ತಿ ಅಲ್ವಾ? ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ.” ಅರ್ಧ ಪುಟದ ಫೋಟೋ. ಅಂಗೈ ಮೇಲೆ ಗೂಡು ಹಿಡಿದು ವಾರಗಿತ್ತಿ ನಗುತ್ತಿದ್ದಳು. ಟೀಚರಮ್ಮ ಪಾಠ ಓದುವ ದನಿಯಲ್ಲಿ ಓದಿದರು: “‘ಒಂದು ಮುಂಜಾನೆ ಕಿಟಕಿಯಾಚೆ ಹಕ್ಕಿಯೊಂದು ಗೂಡು ಕಟ್ಟುವುದನ್ನು ನೋಡುತ್ತ ಮೈಮರೆತಿದ್ದೆ. ಆಗ ಈ ಮಡಿಕೆ ತಾನಾಗಿ ಬೆರಳಿಗೆ ಇಳಿದುಬಂತು.’”

ಅಕ್ಕ ಕತ್ತರಿ ಕೆಳಗಿಟ್ಟಳು.

“ಆ ಕಿಟಕಿಯಾಚೆ ಪಕ್ಕದ ಮನೆ ಬಚ್ಚಲ ಪೈಪು ಬಿಟ್ರೆ ಏನೂ ಇಲ್ಲ,” ಎಂದಳು. ದನಿ ಬಹಳ ಮೆತ್ತಗಿತ್ತು. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೀಚರಮ್ಮನ ಉಳಿದ ಅರ್ಧ ತಲೆಯನ್ನು ನಾನು ಮುಗಿಸಿದೆ.

ಗಾಯದ ಮೇಲೆ ಬರೆ ಎಳೆದ ಹಾಗಾಯಿತು, ಅದೇ ಸಂಜೆ ಅವಳು ಮೊಳೆ ಅಂಗಡಿಗೆ ಹೋದಾಗ. ನಾನೂ ಜೊತೆಗಿದ್ದೆ. ಗಲ್ಲಾಪೆಟ್ಟಿಗೆಯ ಮೇಲೆ ತಂತಿ ಮಾತ್ರ ನೇತಾಡುತ್ತಿತ್ತು, ಗೂಡಿರಲಿಲ್ಲ. ಅಜ್ಜ ತಲೆಯೆತ್ತದೆ ಕೇಳಿದರು: “ಏನು ಬೇಕಾಗಿತ್ತು ನಿಮಗೆ?”

ಅಷ್ಟು ವರ್ಷ “ಬಾ ತಾಯಿ, ಕೂತ್ಕೋ” ಅನ್ನುತ್ತಿದ್ದವರು ‘ನಿಮಗೆ’ ಅಂದುಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಅಕ್ಕ ತಡವರಿಸುತ್ತ ಎರಡು ಕೊಕ್ಕೆ ಕೇಳಿದಳು. ಅಜ್ಜ ಅವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಂದೆ ತಳ್ಳಿದರು. “ನಿಮ್ಮ ಮನೆಯವರ ಫೋಟೋ ಬಂದಿದೆ. ಒಳ್ಳೇದಾಯ್ತು.”

ಹೊರಗೆ ಬಂದ ಮೇಲೆ ಅಕ್ಕ ನನ್ನ ಮೇಲೆ ಹರಿಹಾಯ್ದಳು. ಹತ್ತಿರದಲ್ಲಿದ್ದವಳು ನಾನೊಬ್ಬಳೇ ಅಲ್ಲವೇ. “ಕದ್ದವಳು ಅವಳು, ಕಳ್ಳಿ ಆದೋಳು ನಾನು! ಮುದುಕ್ರ ಬೀಗ ಕಿತ್ಕೊಂಡು ಹೋಗಿ ಮನೆಯೋರಿಗೆ ಕೊಟ್ಟೆ ಅನ್ಕೊಂಡಿದ್ದಾರೆ. ನನ್ನದು ಹೋದ್ರೆ ಹಾಳಾಗಿ ಹೋಗಲಿ, ನಂಬಿ ಕೊಟ್ಟೋರದ್ದೂ ನನ್ನ ಕೈಯಿಂದಾನೇ ಹೋಯ್ತಲ್ಲೇ!”

ಅಂದು ಮನೆಯಲ್ಲಿ ನಡೆದದ್ದನ್ನು ಮರುದಿನ ನನಗೆ ಒಂದು ಮಾತೂ ಬಿಡದೆ ಹೇಳಿದಳು. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಅವಳು ಆ ಪುರವಣಿಯನ್ನು ತಟ್ಟೆಗಳ ನಡುವೆ ಹರಡಿದಳು.

“ಇದೇನಿದು?”

ವಾರಗಿತ್ತಿ ಮೊದಲು ನಕ್ಕಳು. “ಪೇಪರಿನೋರು ಏನೇನೋ ಸೇರಿಸಿ ಬರೀತಾರೆ ಅಕ್ಕ.”

“ಹಕ್ಕಿ ಕಥೆ ಪೇಪರಿನೋರು ಹೇಳಿದ್ರಾ, ನೀನು ಹೇಳಿದ್ಯಾ?”

“ಏನೋ, ಬಾಯಿಗೆ ಬಂತು. ನೀವೇ ಕಂಡುಹಿಡಿದಿದ್ದಾ ಅಂತ ಕೇಳಿದ್ರು. ನನ್ನನ್ನ ಇವತ್ತಿನವರೆಗೂ ಯಾರಾದ್ರೂ ಏನಾದ್ರೂ ಕೇಳಿದ್ದಾರಾ ಅಕ್ಕ? ಹೌದು ಅಂದುಬಿಟ್ಟೆ. ಅಷ್ಟಕ್ಕೂ ಕಾಗದ ಮಡಚೋಕೆ ಯಾರ ಅಪ್ಪಣೆ ಬೇಕು?”

“ಅಪ್ಪಣೆ ಯಾರು ಕೇಳಿದ್ರು? ಮಡಚು, ಊರಿಗೆಲ್ಲಾ ಕಲಿಸು. ಹೆಸರು ಹೇಳು ಅಂದೆ, ಅಷ್ಟೇ.”

“ನೀವು ಮಾಡಿ ಕನ್ನಡಿ ಪಕ್ಕ ನೇತುಹಾಕಿದ್ರಿ. ಜನಕ್ಕೆ ತೋರಿಸಿದ್ದು ನಾನು,” ಎಂದಳು ವಾರಗಿತ್ತಿ.

ಅಕ್ಕನ ಗಂಡ ನೀರಿನ ಲೋಟವನ್ನು ಕುಕ್ಕಿದರು. “ಒಂದು ಚೂರು ಕಾಗದಕ್ಕೆ ಮನೆ ಒಡೀತೀಯಾ?” ಅತ್ತೆ ಕಣ್ಣಲ್ಲೇ ಬಾಯಿ ಮುಚ್ಚು ಎಂದು ಸನ್ನೆ ಮಾಡುತ್ತ, “ಮನೆ ಮಾತು ಮನೇಲೇ ಇರಲಿ ಕಣಮ್ಮ,” ಎಂದರು.

“ಮನೇಲಿದ್ದದ್ದನ್ನ ಪೇಪರಿಗೆ ಕೊಟ್ಟೋಳು ನಾನಲ್ಲ ಅತ್ತೆ,” ಎಂದು ಅಕ್ಕ ಊಟ ಬಿಟ್ಟು ಎದ್ದಳು. ಗಂಡ ಎಂಬ ಪ್ರಾಣಿ ತನ್ನ ಪರ ಒಂದು ಮಾತೂ ಆಡಲಿಲ್ಲವೆಂಬುದು ಅವಳಿಗೆ ಇಂದಿಗೂ ಮುಳ್ಳು.

ಆ ಭಾನುವಾರ ಲೈಬ್ರರಿಯ ಸಭಾಂಗಣದಲ್ಲಿ ವಾರಗಿತ್ತಿಯ ಪ್ರಾತ್ಯಕ್ಷಿಕೆ. ಪುರವಣಿ ನೋಡಿ ಹಾಲ್ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ನಮ್ಮನ್ನು ಕಂಡು ವಾರಗಿತ್ತಿಯ ಬಣ್ಣ ಇಳಿಯಿತು. ಆದರೂ ಸುಧಾರಿಸಿಕೊಂಡು, ಹಕ್ಕಿಯ ಕಥೆಯನ್ನು ಇನ್ನಷ್ಟು ರೆಕ್ಕೆಪುಕ್ಕ ಹಚ್ಚಿ ಹೇಳಿದಳು. ಈ ಸಲ ಹಕ್ಕಿ ಕೊಕ್ಕಿನಲ್ಲಿ ಹುಲ್ಲುಕಡ್ಡಿಯನ್ನೂ ತಂದಿತ್ತು.

ಅಕ್ಕ ಎದ್ದು ನಿಂತಳು. ಚೀಲದಿಂದ ಮೊಳೆ ಪೊಟ್ಟಣವೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. “ಈ ಮಡಿಕೆ ಹಕ್ಕಿಯಿಂದ ಬಂದದ್ದಲ್ಲ. ನಮ್ಮ ಬೀದಿ ಮೊಳೆ ಅಂಗಡಿ ಅಜ್ಜ ಇದನ್ನ ದಿನಾ ಹಾಕ್ತಾರೆ. ಅವರ ಹತ್ತಿರ ಕಲಿತು ಗೂಡು ಮಾಡಿದೋಳು ನಾನು. ಇವಳಿಗೆ ಕಲಿಸಿದೋಳೂ ನಾನೇ. ನೀವೆಲ್ಲಾ ಕಲೀರಿ, ಸಂತೋಷ. ಆದ್ರೆ ಸುಳ್ಳು ಕಲೀಬೇಡಿ.”

ನಾನು ಚಪ್ಪಾಳೆ ಬೀಳುತ್ತದೆಂದು ಕಾದೆ, ಮೂರ್ಖಳ ಹಾಗೆ. ಆಗ ವಾರಗಿತ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಷ್ಟೇ, ತಕ್ಕಡಿ ಆ ಕಡೆ ವಾಲಿತು. ಯಾರೋ ನೀರು ತಂದರು, ಯಾರೋ ಬೆನ್ನು ಸವರಿದರು. ಹಿಂದಿನ ಸಾಲಿನಿಂದ ಒಬ್ಬಾಕೆ, “ಈ ಕಾಲದಲ್ಲಿ ಎಲ್ಲರೂ ವಿಡಿಯೋ ನೋಡ್ಕೊಂಡೇ ಮಾಡೋದು, ಇದೇನು ದೊಡ್ಡ ವಿಷಯ?” ಎಂದಳು. ಲೈಬ್ರರಿಯವರು ಬಂದು ಅಕ್ಕನಿಗೆ ಹೊರಗೆ ಹೋಗುವಂತೆ ನಯವಾಗಿ ಹೇಳಿದರು. ಸುಳ್ಳು ಹೇಳಿದವಳಿಗೆ ನೀರು, ನಿಜ ಹೇಳಿದವಳಿಗೆ ಬಾಗಿಲು. ನನಗಂತೂ ಮೈಯೆಲ್ಲ ಉರಿಯಿತು. ನಾನೂ ಹಿಂದಿನ ಸಾಲಿನಾಕೆಗೆ ನಾಲ್ಕು ಮಾತು ಅಂದೇ ಹೊರಬಿದ್ದೆ. ಅವನ್ನು ಇಲ್ಲಿ ಬರೆಯುವಂತಿಲ್ಲ.

ಅಕ್ಕ ನೇರ ಮೊಳೆ ಅಂಗಡಿಗೆ ನಡೆದಳು. ಭಾನುವಾರವೂ ಅದು ಅರ್ಧ ಬಾಗಿಲು ತೆರೆದಿರುತ್ತದೆ. ಕೂರು ಎನ್ನುವವರೆಗೂ ಕಾಯದೆ ಸ್ಟೂಲ್ ಎಳೆದುಕೊಂಡು, ಅಡುಗೆಮನೆಯ ಮೇಜಿನಿಂದ ಲೈಬ್ರರಿಯವರೆಗೆ ಎಲ್ಲವನ್ನೂ ಅಜ್ಜನಿಗೆ ಹೇಳಿದಳು. ಅಜ್ಜ ಸ್ಕ್ರೂಗಳನ್ನು ಡಬ್ಬಿಗಳಿಗೆ ವಿಂಗಡಿಸುತ್ತ ಕೇಳಿದರು. ಕೊನೆಗೆ ಕೈ ನಿಲ್ಲಿಸಿದರು.

“ನನಗೆ ಹೆಸರು ಗಿಸರು ಬೇಡ ತಾಯಿ. ಆದರೆ ಹಕ್ಕಿ ನೋಡಿ ಹೊಳೀತು ಅಂದ್ಳಲ್ಲ, ಅದು ನನಗೆ ತಡೆಯೋಕಾಗಲಿಲ್ಲ.” ಸಿಟ್ಟಿನಿಂದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದರು. “ನಾನು ಚಿಕ್ಕೋನಿದ್ದಾಗ ಇಲ್ಲೇ ಕೆಲಸಕ್ಕಿದ್ದೆ. ಪೊಟ್ಟಣ ಬಿಚ್ಚಿಕೊಂಡು ಮೊಳೆ ಚೆಲ್ಲಿದಾಗೆಲ್ಲಾ ಮಾಲೀಕ ಬೆರಳಿನ ಗೆಣ್ಣಿಗೆ ಅಳತೆ ಕೋಲಲ್ಲಿ ಹೊಡೀತಿದ್ದ. ಹೊಡೆತ ತಪ್ಪಿಸಿಕೊಳ್ಳೋಕೆ ಒಂದೊಂದೇ ಮಡಿಕೆ ಹಾಕಿ ನೋಡಿ ಈ ಬೀಗ ಮಾಡಿಕೊಂಡೆ. ತಾನಾಗಿ ಬೆರಳಿಗೆ ಇಳೀತಂತೆ! ನನ್ನ ಬೆರಳಿಗೆ ಇಳಿದದ್ದು ಕೋಲು.”

ಅಕ್ಕನ ಮುಖ ನೋಡಿ ಅಜ್ಜನೇ, “ನಿನ್ನ ಮೇಲೆ ಸಿಟ್ಟಿಲ್ಲ, ಹೋಗು,” ಎಂದರು.

ಮನೆಗೆ ಹೋದವಳು ಮಹಡಿ ಮೆಟ್ಟಿಲಲ್ಲೇ ವಾರಗಿತ್ತಿಯನ್ನು ತಡೆದು ನಿಲ್ಲಿಸಿದಳು. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು. ಅಕ್ಕ ಬೈಯಲಿಲ್ಲ. ಅಜ್ಜ ಹೇಳಿದ್ದನ್ನು ಅಜ್ಜ ಹೇಳಿದಂತೆಯೇ ಹೇಳಿ, “ಈಗ ಹೋಗಿ ಇನ್ನೊಂದು ಸಲ ಹಕ್ಕಿ ಕಥೆ ಹೇಳು, ನೋಡೋಣ,” ಎಂದಳು.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಸ್ವಲ್ಪ ದಿನಕ್ಕೆ ವಾರಗಿತ್ತಿಯ ಕ್ಲಾಸಿನಲ್ಲಿ ಹಂಚುವ ಮಾದರಿ ಹಾಳೆಯ ಕೆಳಗೆ ಒಂದು ಸಾಲು ಕಾಣಿಸಿತು: ‘ಕುಟುಂಬದವರ ಪ್ರೋತ್ಸಾಹಕ್ಕೆ ಕೃತಜ್ಞತೆಗಳು.’ ಗಿರಾಕಿಯೊಬ್ಬಳು ಅದನ್ನು ತಂದು ತೋರಿಸಿದ ದಿನ ಅಕ್ಕನ ಬಾಯಿಗೆ ಹಿಡಿತವೇ ಇರಲಿಲ್ಲ. “ಪ್ರೋತ್ಸಾಹ! ನಾನು ಚಪ್ಪಾಳೆ ತಟ್ಟೋಕೆ ಕೂತಿದ್ನಾ? ಮಾಡಿದೋಳನ್ನ ಬೆನ್ನು ತಟ್ಟೋಳನ್ನಾಗಿ ಮಾಡಿಬಿಟ್ಳು ನೋಡು!” ಹಾಳೆಯನ್ನು ಮುದ್ದೆ ಮಾಡಿ ಕೂದಲಿನ ಕಸದ ಜೊತೆ ಗುಡಿಸಿದಳು.

ನಂತರ ಒಂದು ಮಧ್ಯಾಹ್ನ, ನಾನು ಬಾಗಿಲಲ್ಲಿ ಟವೆಲ್ ಒಣಹಾಕುತ್ತಿದ್ದಾಗ, ವಾರಗಿತ್ತಿ ಮೊಳೆ ಅಂಗಡಿಯ ಮುಂದೆ ನಿಂತದ್ದನ್ನು ಕಂಡೆ. ಬಹಳ ಹೊತ್ತು ಒಳಗೆ ಹೋಗಲಾರದೆ ನಿಂತಿದ್ದಳು. ಆಮೇಲೆ ಹೋದಳು. ಅವರಿಬ್ಬರ ನಡುವೆ ಏನು ಮಾತಾಯಿತೋ ಅಜ್ಜ ಇಂದಿಗೂ ಬಾಯಿಬಿಟ್ಟಿಲ್ಲ. ಆದರೆ ಹೊಸ ಮಾದರಿ ಹಾಳೆಯಲ್ಲಿ, ಮೇಲೆಯೇ, ದಪ್ಪ ಅಕ್ಷರದಲ್ಲಿ ಬಂತು: ‘ಇದರ ಬೀಗದ ಮಡಿಕೆ ಮೊಳೆ ಅಂಗಡಿಯ ಅಜ್ಜನದು.’ ಕ್ಲಾಸಿನ ಮಕ್ಕಳು ಪೊಟ್ಟಣ ನೋಡಲೆಂದೇ ಆ ಅಂಗಡಿಗೆ ಬಂದು ಒಂದೊಂದು ಮೊಳೆ ಕೊಳ್ಳತೊಡಗಿದರು. ಅಜ್ಜ ಬೈಯುತ್ತಲೇ ಕಟ್ಟಿಕೊಡುತ್ತಾರೆ.

ಗೂಡು ಯಾರದೆಂದು ಮಾತ್ರ ಆ ಹಾಳೆಯಲ್ಲಿ ಇಲ್ಲ.

“ಅವರದ್ದು ಬಂತಲ್ಲ,” ಎಂದಳು ಅಕ್ಕ ಹಾಳೆ ನೋಡಿ. ನಿಜವಾಗಿಯೂ ಸಮಾಧಾನದಿಂದಲೇ ಅಂದಳು. ಆದರೆ ಅದೇ ಉಸಿರಿನಲ್ಲಿ, “ನನ್ನ ಹೆಸರು ಬರೆದ್ರೆ ಅವಳ ಪೆನ್ನು ಸವೆದುಹೋಗ್ತಿತ್ತಾ?” ಎಂದೂ ಅಂದಳು. ಮನೆಯಲ್ಲಿ ನೇರವಾಗಿ ಕೇಳಿಯೂ ಕೇಳಿದಳು. “ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ, ಅದು ಸಾಲಲಿಲ್ವಾ?” ಎಂದು ವಾರಗಿತ್ತಿ ಮುಖ ತಿರುಗಿಸಿದಳಂತೆ.

ಮೊನ್ನೆ ಅತ್ತೆ ಪಾರ್ಲರಿಗೇ ಬಂದರು. ಕಾಯುವವರ ಬೆಂಚಿನ ತುದಿಯಲ್ಲಿ ಕೂತು, ಅಕ್ಕ ಹೊಸದಾಗಿ ಮಡಚುತ್ತಿದ್ದ ದೀಪದ ಮುಚ್ಚಳವನ್ನು ನೋಡುತ್ತ ಮೆಲ್ಲಗೆ ಪೀಠಿಕೆ ಹಾಕಿದರು. “ಚೆನ್ನಾಗಿದೆ ಕಣಮ್ಮ. ಚಿಕ್ಕವಳೂ ಕೇಳ್ತಿದ್ಳು. ಅವಳಿಗೂ ತೋರಿಸಿಕೊಟ್ರೆ ಮನೇಲಿ ಮತ್ತೆ ಮೊದಲಿನ ಹಾಗೆ ಆಗುತ್ತೆ.”

“ಗೂಡಿನ ಹಾಳೆ ಸರಿ ಮಾಡ್ಲಿ, ಕಲಿಸ್ತೀನಿ.”

“ಇಷ್ಟು ದಿನ ಸಿಟ್ಟು ಇಟ್ಕೋಬಾರ್ದು.”

“ಹೌದು ಅತ್ತೆ,” ಎಂದಳು ಅಕ್ಕ, ಮಡಿಕೆಯ ಮೇಲೆ ಉಗುರೆಳೆಯುತ್ತ. “ಅದನ್ನ ಅವಳಿಗೂ ಹೇಳಿ. ಒಂದು ಸಾಲು ಬರೆದ್ರೆ ನನ್ನ ಸಿಟ್ಟು ಇವತ್ತೇ ಹೋಗುತ್ತೆ.”

ಅತ್ತೆ ನಿಟ್ಟುಸಿರುಬಿಟ್ಟು ಎದ್ದು ಹೋದರು. ಸಾಲು ಇನ್ನೂ ಬಂದಿಲ್ಲ. ಅಕ್ಕನೂ ಇನ್ನೂ ಕಲಿಸಿಲ್ಲ.