ತಂದೆಯ ಹೆಸರಿನ ಸಾಲು

ಅವರ ಬಲಗೈ ತೋರುಬೆರಳಿನ ತುದಿ ಒಂದು ಬದಿಗೆ ಬಾಗಿತ್ತು. ಟೈಪ್‌ರೈಟರ್ ಕಾಲದಿಂದ ಕುಟ್ಟಿ ಕುಟ್ಟಿ ಹಾಗಾದದ್ದು. ಆ ಬೆರಳನ್ನು ಕಂಪ್ಯೂಟರಿನ ಪರದೆಯ ಮೇಲಿಟ್ಟು ಒಂದೊಂದು ಸಾಲನ್ನೂ ಪಿಸುದನಿಯಲ್ಲಿ ಓದುತ್ತಿದ್ದರು. ಪುತ್ತೂರಿನ ನಮ್ಮ ಶಾಲಾ ಕಚೇರಿಯಲ್ಲಿ ಎಲ್ಲರಿಗೂ ಅವರು ಅಕ್ಕ.

ಹೊಸ ಕಾರ್ಯದರ್ಶಿ ಬಂದವರೇ, ಕಂಪ್ಯೂಟರಿನಲ್ಲಿದ್ದ ಹಳೆಯ ವ್ಯಾಸಂಗ ಪ್ರಮಾಣಪತ್ರಗಳೆಲ್ಲ ಒಂದೇ ನಮೂನೆಗೆ ಬರಬೇಕೆಂದರು: ಒಂದೇ ತಲೆಬರಹ, ಒಂದೇ ಅಕ್ಷರ, ಒಂದೇ ಕ್ರಮದ ಸಾಲುಗಳು. ಸಂಪಾಜೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಅಕ್ಕ ನಾಲ್ಕು ತಿಂಗಳು ಕೂತರೂ ಅರ್ಧ ಮಾತ್ರ ಮುಗಿದಿತ್ತು. ಹೊಸಬಳಾದ ನಾನು ಒಂದು ಪ್ರೋಗ್ರಾಂ ಬರೆದು ಉಳಿದರ್ಧವನ್ನು ಒಂದೇ ಮಧ್ಯಾಹ್ನ ಮುಗಿಸಿದೆ.

"ನಾಲ್ಕು ತಿಂಗಳು ಎಂತ ಮಾಡಿದ್ದು ಮಾರಾಯ್ರೆ, ಜಪವಾ?" ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಎಲ್ಲ ಪತ್ರ ಒಂದೇ ರೀತಿ ಇರುದಿಲ್ಲ. ನೋಡಿ ಮಾಡ್ಬೇಕು," ಎಂದಷ್ಟೇ ಹೇಳಿದರು ಅಕ್ಕ. ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು.

ಕೆಲವು ತಿಂಗಳ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ನಾವು ಕೊಟ್ಟಿದ್ದ ಪತ್ರವನ್ನು ಮೇಜಿನ ಮೇಲೆ ಬಿಸಾಡಿದಳು. ತಂದೆ ಯಾರೆಂದು ಅವಳ ತಾಯಿ ಹೇಳಿರಲಿಲ್ಲ. ಹಳೆಯ ಪತ್ರದಲ್ಲಿ ಆ ಸಾಲೇ ಇರಲಿಲ್ಲ. ನನ್ನ ಪ್ರೋಗ್ರಾಂ ಅದರ ಕೆಳಗಿನ ಊರಿನ ಸಾಲನ್ನು ಮೇಲೆ ತಂದು ಕೂರಿಸಿತ್ತು. ತಂದೆ: ರಾಮಕುಂಜ.

"ಇಂಟರ್‌ವ್ಯೂನಲ್ಲಿ ಕೇಳಿದ್ರು, ಇಡೀ ಊರೇ ಅಪ್ಪನಾ ಅಂತ." ಅವಳು ಅಳಲಿಲ್ಲ.

ಹಿಂದೆ ಹಾಗೆ ಸಾಲು ಇಲ್ಲದ ಪತ್ರ ಸಿಕ್ಕಾಗಲೆಲ್ಲ ಅಕ್ಕ ಎದ್ದು ಹೋಗಿ ದಾಖಲಾತಿ ಪುಸ್ತಕ ತೆಗೆದು ನೋಡುತ್ತಿದ್ದರು. ನಿಧಾನವಾದದ್ದು ಅದಕ್ಕೇ.

"ಅದು ಆ ಮುದುಕಿ ಮಾಡಿದ ಕೆಲಸ. ಈಗ ಅವಳು ಇಲ್ಲಿ ಕೆಲಸಕ್ಕಿಲ್ಲ," ಎಂದರು ಕಾರ್ಯದರ್ಶಿ ಆ ಹುಡುಗಿಗೆ. ನಾನು ಬಾಯಿ ಬಿಡಲಿಲ್ಲ.

ಹೇಗೋ ಸುದ್ದಿ ತಿಳಿದು, ಕಾರ್ಯದರ್ಶಿ ಊರಲ್ಲಿಲ್ಲದ ದಿನ ಅಕ್ಕ ಬಂದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕೂತರು. ಸಂಜೆಯೊಳಗೆ ಅಂಥ ಹನ್ನೊಂದು ಪತ್ರ ಹುಡುಕಿ ಸರಿಮಾಡಿದರು. ನಾನಿಟ್ಟ ಚಹಾ ಮುಟ್ಟಲಿಲ್ಲ.

"ತಪ್ಪು ನನ್ನದು ಅಂತ ಹೇಳ್ತೇನೆ ಅಕ್ಕಾ."

"ಆವತ್ತೇ ಹೇಳ್ಬೇಕಿತ್ತು. ನಿನ್ನನ್ನು ಉಳಿಸ್ಲಿಕ್ಕೆ ಬಂದದ್ದಲ್ಲ ನಾನು. ಈ ಮಕ್ಕಳ ಮರ್ಯಾದೆ ಉಂಟಲ್ಲ, ಅದಕ್ಕೆ ಬಂದದ್ದು."

ಆ ಹುಡುಗಿಯ ಹೊಸ ಪತ್ರ ಹಿಡಿದುಕೊಂಡು ಅವರೇ ರಾಮಕುಂಜಕ್ಕೆ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಕಾರ್ಯದರ್ಶಿಗೆ ಏನೂ ಹೇಳಲೂ ಇಲ್ಲ.

ಕಳೆದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಕೇಳಿ ಸಂಪಾಜೆಗೆ ಹೋದೆ. ಜಗಲಿಯಲ್ಲಿದ್ದ ಅವರ ತಂಗಿ, "ನೀವು ಆಫೀಸಿನವರಾ? ಕೆಲಸ ಬರುದಿಲ್ಲ ಅಂತ ಕಳಿಸಿದ್ದಲ್ವಾ ಅಕ್ಕನನ್ನು?" ಎಂದರು.

ಕೆಲಸ ಬಾರದ್ದಕ್ಕೆ ಅಲ್ಲ ಎಂದೆ. ನಡೆದದ್ದನ್ನೆಲ್ಲ ಮೊದಲ ಸಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದರು. ನನಗೆ ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.