ಕುಂದೂರಿನ ಬೀಗರಿಗೆ ಚೀನಾದ ಹಾಡುಗಾರ್ತಿ

ಬೀಗರನ್ನು ಬೈಯುವುದಕ್ಕೂ ನಮ್ಮ ಕಡೆ ಒಂದು ಕ್ರಮವಿದೆ. ಅದು ಹಾಡಿನಲ್ಲೇ ಆಗಬೇಕು. ಮದುವೆ ಊಟಕ್ಕೆ ಪಂಕ್ತಿ ಕೂತಾಗ ಹೆಣ್ಣಿನ ಕಡೆಯವಳೊಬ್ಬಳು ಗಂಡಿನ ಕಡೆಯವರ ಹೊಟ್ಟೆ, ಮೀಸೆ, ಜಿಪುಣತನ ಎಲ್ಲವನ್ನೂ ಎಳೆದು ಹಾಡುತ್ತಾಳೆ. ಅತ್ತ ಕಡೆಯವಳು ಅಲ್ಲೇ ಹಾಡು ಕಟ್ಟಿ ತಿರುಗಿಸಿ ಕೊಡುತ್ತಾಳೆ. ಎದುರು ಹಾಡುವವರಿಲ್ಲದಿದ್ದರೆ ಶುರು ಮಾಡುವಂತಿಲ್ಲ. ಬಾಯಿಲ್ಲದವರನ್ನು ಬೈದಂತಾಗುತ್ತದೆಂದು ಹಿರಿಯರು ತಡೆಯುತ್ತಾರೆ.

ನನ್ನ ತಂಗಿಯ ಮದುವೆಯಲ್ಲಿ ತೊಡಕಾದದ್ದು ಇಲ್ಲೇ. ಹೆಗ್ಗದ್ದೆಯ ನನ್ನ ಸೋದರತ್ತೆ ಈ ಹಾಡಿನಲ್ಲಿ ಯಾರಿಗೂ ಸೋತವಳಲ್ಲ. ಆದರೆ ಮದುವೆಗಳು ಛತ್ರಕ್ಕೆ ಹೋಗಿ, ಮೈಕ್ ಸೆಟ್ಟಿನವರು ಕ್ಯಾಸೆಟ್ ಹಾಕಲು ಶುರುಮಾಡಿದ ಮೇಲೆ ಅವಳನ್ನು ಕರೆಯುವವರು ಕಡಿಮೆಯಾಗಿದ್ದರು. ತಂಗಿಯ ಮದುವೆಗೆಂದು ಕಾಫಿ ಹಣ್ಣು ಬಿಡಿಸುತ್ತಲೇ ಹೊಸ ಹಾಡುಗಳನ್ನು ಕಟ್ಟಿಕೊಂಡಿದ್ದಳು. ಅಷ್ಟರಲ್ಲಿ ಗಂಡಿನ ಕಡೆಯಿಂದ, ಅಂದರೆ ಕುಂದೂರಿನಿಂದ, ಹಾಡುಗೀಡು ಬೇಡವೆಂದು ಹೇಳಿಕಳಿಸಿದರು.

“ನಾನು ಎತ್ತಾಡ್ಸಿದ ಹುಡ್ಗಿ ಮದ್ವೇಲೂ ಹಾಡ್ದಿದ್ರೆ ಇನ್ಯಾವಾಗ ಹಾಡದೋ? ನನ್ನ ತಿಥೀಲಾ?” ಎಂದು ಅತ್ತೆ ನನ್ನ ಮೇಲೆ ಹಾರಿದಳು.

ವ್ಯಾಪಾರದಲ್ಲಿ ನಾನು ಕಲಿತದ್ದನ್ನು ಇಲ್ಲಿ ಪುಕ್ಕಟೆ ಹೇಳುತ್ತೇನೆ. ಎದುರಿನವರು ಬೇಡ ಎಂದರೆ ಕೂಡಲೇ ಬೆಲೆ ಇಳಿಸಬೇಡಿ. ಯಾಕೆ ಬೇಡ ಎನ್ನುವುದನ್ನು ಪತ್ತೆ ಮಾಡಿ. ಪತ್ತೆ ಮಾಡಿದೆ. ಕುಂದೂರಿನವರ ಪರ ಹಾಡುತ್ತಿದ್ದ ಅಜ್ಜಿಯ ಗಂಟಲು ಕಟ್ಟಿಹೋಗಿತ್ತು. ಅವಳ ನಂತರ ಯಾರೂ ಕಲಿತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಇದೆಲ್ಲ ಹಳೇ ಕಾಲದ್ದು ಎಂದು ಸಾಗಹಾಕಿದ್ದರು.

ಮಾರನಹಳ್ಳಿಯಲ್ಲಿ ಹೆದ್ದಾರಿ ಪಕ್ಕದಲ್ಲೇ ನನ್ನ ಮೆಣಸು, ಏಲಕ್ಕಿ ಅಂಗಡಿ; ಅದರ ಹಿಂದೆ ಮನೆ. ಮದುವೆ ಚಪ್ಪರವೂ ಅಲ್ಲೇ. ಧಾರೆ ಮುಗಿಯುವ ಹೊತ್ತಿಗೆ ಘಾಟಿಯಲ್ಲಿ ಟ್ಯಾಂಕರ್ ಮಗುಚಿ ವಾಹನಗಳು ಸಾಲಾಗಿ ನಿಂತವು. ಒಂದು ಬಸ್ಸಿನಿಂದ ದೆಹಲಿಯ ಹುಡುಗನೊಬ್ಬ ಇಳಿದು ಬಂದು, ತನ್ನ ಜೊತೆಯವರಿಗೆ ಕುಡಿಯಲು ಬಿಸಿನೀರು ಬೇಕೆಂದು ಹಿಂದಿಯಲ್ಲಿ ಕೇಳಿದ. ನನ್ನ ಹಿಂದಿ ಲಾರಿ ಡ್ರೈವರುಗಳ ಜೊತೆ ಚೌಕಾಸಿ ಮಾಡಿ ಕಲಿತದ್ದು. ವಿಚಾರಿಸಿದೆ. ಬಸ್ಸಿನಲ್ಲಿದ್ದವರು ಚೀನಾದ ಹಾಡುಗಾರರು, ಮಂಗಳೂರಿನ ಕಾರ್ಯಕ್ರಮಕ್ಕೆ ಹೊರಟವರು. ಇವನು ಅವರ ದುಭಾಷಿ. ನನ್ನ ಕಿವಿ ನೆಟ್ಟಗಾಯಿತು.

ಬಿಸಿನೀರು ಕುಡಿಯಲು ಇಳಿದವರಲ್ಲಿ ಅತ್ತೆಯ ವಯಸ್ಸಿನ ಒಬ್ಬಾಕೆ ಇದ್ದಳು. ಟೀ ತೋಟಗಳ ಗುಡ್ಡದೂರಿನಲ್ಲಿ ಹುಟ್ಟಿ, ಸಂಗೀತ ಶಾಲೆಯ ಪರೀಕ್ಷೆ ಪಾಸು ಮಾಡಿ, ಸರ್ಕಾರದ ಹಾಡುವ ತಂಡ ಸೇರಿದವಳಂತೆ. ಅಲ್ಲಿ ಹಾಡುಗಾರರಿಗೂ ದರ್ಜೆಗಳಿವೆ, ಬಡ್ತಿಗೆ ಮತ್ತೆ ಪರೀಕ್ಷೆ, ಸಂಬಳ, ಕೊನೆಗೆ ಪಿಂಚಣಿ. ಜೊತೆಗಿದ್ದ ಮುದುಕರು ಅಲ್ಲಿನ ಹಳೆಯ ಸಂಗೀತ ನಾಟಕದವರು. ಎಳೆಯ ವಯಸ್ಸಿನಲ್ಲೇ ಗುರುವಿನ ಕೈಯಲ್ಲಿ ಏಟು ತಿಂದು ಕಲಿತು, ಗಂಟಲಿಗಾಗಿ ತಣ್ಣೀರು ಬಿಟ್ಟವರು.

ಮದುವೆಮನೆಯಲ್ಲಿ ಹಾದುಹೋಗುವವರಿಗೂ ಎಲೆ ಹಾಕುತ್ತೇವೆ ಎಂಬ ವಿಷಯವನ್ನು ನಾನು ಎತ್ತಲಿಲ್ಲ. ಬಸ್ಸಿನವರಿಗೆಲ್ಲ ಊಟ, ಬದಲಿಗೆ ಆಕೆಯ ಹಾಡು ಎಂದೆ. ಅಪ್ಪಣೆಯಿಲ್ಲದೆ ಹಾಡುವಂತಿಲ್ಲ ಎಂದು ಹುಡುಗ ರಾಗ ಎಳೆದ. ಪಾಯಸವನ್ನೂ ಸೇರಿಸಿದೆ. ಅಷ್ಟರಲ್ಲಿ ಆಕೆಯೇ, ಎಂಥ ಹಾಡು ಎಂದು ಕೇಳಿದಳು. ಬೈಗುಳದ್ದು ಎಂದಾಗ ಗೊಳ್ಳೆಂದು ನಕ್ಕಳು. ಅವರ ಗುಡ್ಡದಲ್ಲೂ ಈ ಇಳಿಜಾರಿನವರು ಆ ಇಳಿಜಾರಿನವರನ್ನು ಹಾಡಿನಲ್ಲೇ ಕಿಚಾಯಿಸುತ್ತಾರಂತೆ. ವೇದಿಕೆ ಹತ್ತಿದ ಮೇಲೆ ತನಗೆ ಚಪ್ಪಾಳೆ ಮಾತ್ರ ಸಿಕ್ಕಿದೆ, ತಿರುಗಿ ಬೈಯುವವರು ಸಿಕ್ಕಿಲ್ಲ ಎಂದಳು.

ನೆಟ್ಟಗೆ ಗಂಡಿನ ಚಿಕ್ಕಪ್ಪನ ಹತ್ತಿರ ಹೋದೆ.

“ನಿಮ್ ಕಡೆಗೆ ಹಾಡೋರೊಬ್ರು ಸಿಕ್ಕವ್ರೆ ಕಣ್ರೀ.”

“ಯಾವೂರೋರು?”

“ಸ್ವಲ್ಪ ದೂರ. ಚೀನಾ.”

“ತಮಾಸೆ ಮಾಡ್ಬ್ಯಾಡ ಮಾರಾಯ.”

“ಸರ್ಕಾರಿ ಹಾಡುಗಾರ್ತಿ. ಪಿಂಚಣಿ ಐತೆ. ನಮ್ಮತ್ತೆಗೆ ಏನೈತೆ, ಎಲಡಿಕೆ ಚೀಲ.”

ಅವರು ಗಲ್ಲ ಕೆರೆದುಕೊಂಡರು. “ಆಯಮ್ಮ ಹಾಡಿದ್ದು ಯಾರ್ಗೂ ತಿಳಿಯಾಕಿಲ್ವಲ್ಲ?”

“ಅದೇ ಲಾಭ. ಸೋತ್ರಿ ಅಂತ ಹೇಳಾಕೂ ಯಾರ್ಗೂ ಆಗಾಕಿಲ್ಲ.”

ಆಕೆಗೆ ಕುಂಕುಮವಿಟ್ಟು, ಹೂ ಮುಡಿಸಿ, ಕುಂದೂರಿನ ಹೆಂಗಸರ ನಡುವೆ ಎಲೆ ಹಾಕಿ ಕೂರಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, “ಪರೀಕ್ಸೆ ಪಾಸು ಮಾಡ್ಕಂಡು ಬೈಯಾಕೆ ಬಂದವ್ಳಾ? ಬರ್ಲಿ” ಎಂದಳು.

ಪಾಯಸದ ಕೊಳಗ ಕಂಡರೆ ಕುಂದೂರಿನವರು ಊರಿಗೆ ಹೋಗುವ ದಾರಿ ಮರೆಯುತ್ತಾರೆ ಎಂದು ಅತ್ತೆ ಶುರು ಮಾಡಿದಳು. ದುಭಾಷಿ ಹುಡುಗ ಆಕೆಯ ಕಿವಿಗೆ ತಲುಪಿಸಲಿ ಎಂದು ನಾನು ಅದನ್ನು ಹಿಂದಿಗೆ ಇಳಿಸಿದೆ. ಆಕೆ ಎದ್ದು ನಿಂತು ಗಂಟಲು ಬಿಚ್ಚಿದಳು. ಎಂಥ ದನಿ! ಮೈಕಿನ ಹಂಗಿಲ್ಲದೆ ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ಲಾರಿಯವರೆಲ್ಲ ಇಳಿದು ಚಪ್ಪರದ ಅಂಚಿಗೆ ಬಂದರು.

ಹುಡುಗ ಅದರ ಅರ್ಥವನ್ನು ಹಿಂದಿಯಲ್ಲಿ ಹೇಳಿದ. ನಾನು ತಕ್ಷಣ, “ಹೆಣ್ಣಿನ ಮನೆ ಸಾರು ನೀರು ಅಂತಾರೆ” ಎಂದು ಕನ್ನಡದಲ್ಲಿ ಕೂಗಿದೆ.

“ಸುಳ್ಳು!” ಚಿಕ್ಕಪ್ಪ ಮೇಲೆದ್ದರು. ಅವರು ಮಿಲಿಟರಿಯಲ್ಲಿದ್ದು ಬಂದವರು, ಹಿಂದಿ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. “ಹಸ್ದು ಬಂದೋರಿಗೆ ಹಾಡಿದ್ರೆ ಅನ್ನ, ಇಲ್ದಿದ್ರೆ ಇಲ್ಲ ಅಂತ ಯಾಪಾರ ಮಾಡೋ ಮನೆ ಇದು ಅಂತೈತೆ ಹಾಡು! ಹೆಣ್ಣಿನ ಅಣ್ಣನೇ ಅಂದವ್ನಂತೆ ಕಣ್ರೋ!”

ಕುಂದೂರಿನವರು ಎಲೆ ಬಡಿದು ನಕ್ಕರು. ನಮ್ಮವರೆಲ್ಲ ಅತ್ತೆಯ ಮುಖ ನೋಡಿದೆವು. ಉತ್ತರ ಕೊಡದಿದ್ದರೆ ಅವಳು ಸೋತಂತೆ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, “ನಿಜವೇನೋ?” ಎಂದಳು. ನಾನು ಪಾಯಸದ ಸೌಟು ಹುಡುಕತೊಡಗಿದೆ.

ಅತ್ತೆ ಪಂಕ್ತಿ ದಾಟಿ ಹೋಗಿ ಚೀನಾದವಳ ಪಕ್ಕದಲ್ಲಿ ಕೂತುಬಿಟ್ಟಳು. ಅಲ್ಲಿಂದ ನನ್ನ ಮೇಲೆ ಹಾಡು. ನನ್ನ ತಕ್ಕಡಿಯ ಮೇಲೆ, ಮೆಣಸಿನಲ್ಲಿ ಬೆರೆತ ಪರಂಗಿ ಬೀಜದ ಮೇಲೆ, ಹೆಣ್ಣು ನೋಡಲು ಹೋದಲ್ಲಿ ಉಪ್ಪಿಟ್ಟಿಗೂ ಚೌಕಾಸಿ ಮಾಡಿದೆನೆಂದು. ಪ್ರತಿ ಸಾಲಿನ ಕೊನೆಗೆ ಚೀನಾದವಳು ಎಳೆದು ದನಿಗೂಡಿಸುತ್ತಿದ್ದಳು. ನಮ್ಮ ಕಡೆ ಉತ್ತರಿಸುವವರೇ ಉಳಿಯಲಿಲ್ಲ. ತಂಗಿಯೂ ಮದುಮಗಳೆಂಬುದನ್ನು ಮರೆತು ಹಲ್ಲು ಬಿಟ್ಟು ನಗುತ್ತಿದ್ದಳು.

ಘಾಟಿಯಲ್ಲಿ ದಾರಿ ತೆರವಾಯಿತು. ಬಸ್ಸಿನವನು ಹಾರನ್ ಮೇಲೆ ಹಾರನ್ ಹೊಡೆದ. ಏಳಲು ಹೊರಟ ಚೀನಾದವಳ ಕೈಹಿಡಿದು ಅತ್ತೆ ಮತ್ತೆ ಕೂರಿಸಿದಳು.

“ಇನ್ನೂ ಇವನ ಮದ್ವೆ ವಿಚಾರ ಬಾಕಿ ಐತೆ, ಕೂತ್ಕಳವ್ವ. ಏ, ಅವಳಿಗೆ ಹೇಳೋ. ಒಂದಕ್ಷರ ಬಿಡದಂಗೆ ಹೇಳ್ಬೇಕು.”

ಚಿಕ್ಕಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನಾನು ಒಂದಕ್ಷರವನ್ನೂ ಬಿಡದಂತೆ ಹೇಳಿದೆ.