ಚಾವಡಿ ಗೋಡೆಯ ಬಂದೂಕಿನ ಯಾದಿ

ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಒಪ್ಪಿಸಿದವರ ಹೆಸರುಗಳ ಯಾದಿಯನ್ನು ನಮ್ಮೂರ ತಲಾಟಿ, ಅಂದರೆ ಗ್ರಾಮಲೆಕ್ಕಿಗ, ಚಾವಡಿಯ ಗೋಡೆಗೆ ಅಂಟಿಸುತ್ತಿದ್ದ. ಇಂದಿನಿಂದ ಯಾವ ಮನೆಯಲ್ಲಿ ಬಂದೂಕಿಲ್ಲ ಎಂದು ಕಳ್ಳರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? ಅಂಥ ಒಂದು ಚುನಾವಣೆಯ ಹೊತ್ತಿಗೆ, ಗುಡೂರಿನ ಹಾದಿಯ ತೋಟದ ಮನೆಯಲ್ಲಿ ಒಬ್ಬನೇ ಇದ್ದ ನನ್ನ ಸೋದರಮಾವನನ್ನು ಹಾಡಹಗಲೇ ಹೊಡೆದು ಮುಂಗೈ ಮುರಿದರು. "ಬಂದೂಕ ಇಲ್ಲಂತ ಓದಿಕೊಂಡ ಬಂದೀವಿ" ಎಂದರಂತೆ. ಈ ಮಾತು ಮಾವ ಹೇಳಿದ್ದೋ, ನನ್ನ ಸಿಟ್ಟು ಆಮೇಲೆ ಸೇರಿಸಿದ್ದೋ, ಈಗ ಖಚಿತವಿಲ್ಲ. ಕೈ ಮಾತ್ರ ಕೊನೆಯವರೆಗೂ ಸೊಟ್ಟಗೇ ಇತ್ತು.

ಎಂಬತ್ತರ ದಶಕದ ನಡುವೆ ಮತ್ತೆ ಚುನಾವಣೆ ಬಂತು. ಈ ಸಲವಾದರೂ ಮಾವನ ಹೆಸರು ಗೋಡೆಗೆ ಏರಬಾರದೆಂದು ಚಾವಡಿಗೆ ಹೋದೆ. ಧಾರವಾಡದಲ್ಲಿ ಗಣಿತ ಓದುವಾಗ ಗುಪ್ತಲಿಪಿಯ ಬಗ್ಗೆ ಒಂದು ಲೇಖನ ಓದಿದ್ದೆ. ಅದರ ಪ್ರಕಾರ ಮೊಹರು ಅಸಲಿ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅದು ಯಾರ ಚೀಟಿಯ ಮೇಲೆ ಬಿತ್ತೆಂದು ಮೊಹರು ಹಾಕಿದವನಿಗೂ ತಿಳಿಯದು. ತಲಾಟಿಗೆ ತೋರಿಸಲು ಒಂದು ಲಕೋಟೆ ಒಯ್ದಿದ್ದೆ. ಒಳಗೆ ನಾನೇ ಆರಿಸಿದ ಅಂಕಿಯ ಚೀಟಿ, ಅದರ ಮೇಲೆ ಕಾರ್ಬನ್ ಹಾಳೆ. ಲೈಸೆನ್ಸ್ ನೋಡಿ ಲಕೋಟೆಯ ಮೇಲೆ ಸಹಿ ಮಾಡಿದರೆ ಅದು ಒಳಗಿನ ಚೀಟಿಗೂ ಇಳಿಯುತ್ತದೆ. ಆಮೇಲೆ ಗೋಡೆಯ ಮೇಲೆ ಹೆಸರಿನ ಬದಲು ಆ ಅಂಕಿಯಷ್ಟೇ ಸಾಕು; ಅದು ಯಾರದೆಂದು ಚೀಟಿ ಇದ್ದವನಿಗಷ್ಟೇ ಗೊತ್ತು.

"ಒಳಗ ಏನೈತಿ ನೋಡದ ಸಹಿ ಹೊಡೀಬೇಕ? ನಾಳೆ ನನ್ನ ಹೊಲಾನ ನಿಮಗ ಬರದಕೊಟ್ಟಂಗಾದ್ರ?" ತಲಾಟಿ ನಕ್ಕ. "ಹೆಸರು ಬಿಟ್ರ ಮಂದಿ ನನ್ನ ಮೈಮ್ಯಾಲ ಬರ್ತಾರ್ರಿ. ಬಂದೂಕಿನ ಯಾದಿಯೊಳಗ ಹೆಸರು ಇರೂದಂದ್ರ ಮರ್ಯಾದಿ. ನಿಮ್ಮ ಮಾವಾರು ನಿನ್ನೇನ ಬಂದು, ನಂದು ಎಲ್ಲಾರಕಿಂತ ಮ್ಯಾಲ ಹಾಕ್ರಿ ಅಂದು ಹೋಗ್ಯಾರ."

ನನ್ನೆದುರಿಗೇ ಯಾದಿ ಅಂಟಿಸಿದ. ನಾನು ಕಿತ್ತು ಹರಿದು ಎಸೆದೆ. ಅಷ್ಟರಲ್ಲಿ ಮಾವನೇ ಬಂದ.

"ಯಾಕ ಹರದಿಯಲೇ?"

"ನಿನ್ನ ಕೈ ಮುರದಿದ್ದು ಇದ ಯಾದಿ, ಮಾವಾ!"

ಮಾವ ಸೊಟ್ಟ ಕೈಯಿಂದಲೇ ಚೂರುಗಳನ್ನು ಆಯತೊಡಗಿದ. "ಹಿಂದಿನ ಸಲದ್ದು ಯಾರು ಬರದಿದ್ರು? ಅಕ್ಷರ ದುಂಡಗ ಅದಾವಂತ ತಲಾಟ್ಯಾರು ನಿನ್ನ ಕೈಲೇ ಬರಸಿದ್ರು. ನಮ್ಮ ಅಳಿಯಂದು ಅಂತ ಊರಿಗೆಲ್ಲ ತೋರಿಸಿದ್ದೆ ನಾ."

ನನಗೆ ನೆನಪಿರಲಿಲ್ಲ. ಇವತ್ತಿಗೂ ಇಲ್ಲ. ಇದ್ದರೂ ಇಲ್ಲವೆನ್ನುತ್ತಿದ್ದೆನೇನೋ.

ತಲಾಟಿ ಹೊಸ ಹಾಳೆ ತೆಗೆದು ಪೆನ್ನನ್ನು ನನ್ನತ್ತ ಚಾಚಿದ. ನಾನು ಮುಟ್ಟಲಿಲ್ಲ. ಅವನೇ ಬರೆದ, ಮಾವನ ಹೆಸರು ಎಲ್ಲರಿಗಿಂತ ಮೇಲೆ. ಬಂದೂಕು ಮರಳಿ ಬರುವವರೆಗೆ ನಾನು ತೋಟದ ಮನೆಯ ಬಾಗಿಲಲ್ಲಿ ಕೊಡಲಿ ಹಿಡಿದು ಕೂತೆ.